ವಿಲೀನದ ನಿರೀಕ್ಷೆಯಲ್ಲಿ ಸಣ್ಣ ಬ್ಯಾಂಕಿನ ಷೇರು ಕೊಳ್ಳಬಹುದೇ?

ಪ್ರಶ್ನೆ: ನಾನು ಉಡುಪಿಯ ನಿವೃತ್ತ ಶಿಕ್ಷಕ. ತಂದೆಯವರಿಂದ ಬಂದ ಸಿಂಡಿಕೇಟ್ ಬ್ಯಾಂಕಿನ 1,000 ಷೇರುಗಳು 2020ರ ವಿಲೀನದಲ್ಲಿ ಕೆನರಾ ಬ್ಯಾಂಕಿನ 158 ಷೇರುಗಳಾದವು. ಕರಾವಳಿಯ ಬ್ಯಾಂಕುಗಳು ಒಂದೊಂದಾಗಿ ವಿಲೀನವಾದ ಮೇಲೆ, ಉಳಿದಿರುವ ಸಣ್ಣ ಖಾಸಗಿ ಬ್ಯಾಂಕುಗಳ ಸರದಿಯೂ ಬರಬಹುದೆಂದು ನನಗೆ ಅನ್ನಿಸುತ್ತದೆ. ನಿವೃತ್ತಿಯ ಹಣದಲ್ಲಿ ನಾಲ್ಕು ಲಕ್ಷ ರೂಪಾಯಿಗೆ ಅಂಥ ಷೇರುಗಳನ್ನು ಕೊಂಡಿಟ್ಟರೆ ಒಳ್ಳೆಯ ಬೆಲೆ ಸಿಗಬಹುದೇ?

ಉತ್ತರ: ವಿಲೀನವೊಂದನ್ನೇ ನೆಚ್ಚಿಕೊಂಡು ಕೊಳ್ಳಬೇಡಿ. ವಿಲೀನವಾದಾಗ ಷೇರುದಾರನ ಕೈಗೆ ಏನು ಬರುತ್ತದೆ ಎಂಬುದು, ವಿಲೀನವನ್ನು ನಿರ್ಧರಿಸಿದವರು ಯಾರು ಮತ್ತು ಆ ಹೊತ್ತಿಗೆ ಬ್ಯಾಂಕಿನ ಆರ್ಥಿಕ ಸ್ಥಿತಿ ಹೇಗಿತ್ತು ಎಂಬುದನ್ನು ಅವಲಂಬಿಸಿರುತ್ತದೆ.

ನಿಮ್ಮ ಷೇರುಗಳ ವಿಲೀನ ಸರ್ಕಾರದ ತೀರ್ಮಾನವಾಗಿತ್ತು. 2019ರಲ್ಲಿ ವಿಜಯ ಬ್ಯಾಂಕಿನ 1,000 ಷೇರುಗಳಿಗೆ ಬ್ಯಾಂಕ್ ಆಫ್ ಬರೋಡಾದ 402, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕಿನ 1,000 ಷೇರುಗಳಿಗೆ ಯೂನಿಯನ್ ಬ್ಯಾಂಕಿನ 330 ಷೇರುಗಳು ದೊರೆತದ್ದೂ ಹೀಗೆಯೇ. ಇವುಗಳಲ್ಲಿ ಷೇರುದಾರರ ಮತದಾನ ನಡೆಯಲಿಲ್ಲ. ಖಾಸಗಿ ಬ್ಯಾಂಕುಗಳು ತಾವಾಗಿ ಒಪ್ಪಿ ಒಂದಾಗುವಾಗ ಮಾತ್ರ, ಸಭೆಯಲ್ಲಿ ಹಾಜರಿರುವ ಷೇರುದಾರರ ಪೈಕಿ ಮೌಲ್ಯದ ಲೆಕ್ಕದಲ್ಲಿ ಮೂರನೇ ಎರಡು ಭಾಗದವರ ಒಪ್ಪಿಗೆ ಬೇಕು. 2015ರಲ್ಲಿ ಬೆಂಗಳೂರಿನ ಐಎನ್‌ಜಿ ವೈಶ್ಯ ಬ್ಯಾಂಕಿನ 1,000 ಷೇರುಗಳಿಗೆ ಕೋಟಕ್ ಮಹೀಂದ್ರದ 725 ಷೇರುಗಳು ಬಂದದ್ದು ಇಂಥ ವಿಲೀನದಲ್ಲಿ. ನಿಮ್ಮ ನಿರೀಕ್ಷೆ ಬಹುಶಃ ಇಂಥದ್ದೇ ಇರಬೇಕು.

ಆದರೆ ತಮಿಳುನಾಡಿನ ಲಕ್ಷ್ಮಿ ವಿಲಾಸ್ ಬ್ಯಾಂಕಿನ ಕಥೆಯನ್ನು ನೀವು ಅವಶ್ಯವಾಗಿ ತಿಳಿಯಬೇಕು. 2019ರ ಏಪ್ರಿಲ್‌ನಲ್ಲಿ ಇಂಡಿಯಾಬುಲ್ಸ್ ಹೌಸಿಂಗ್ ಫೈನಾನ್ಸ್ ಜೊತೆ ವಿಲೀನ ಘೋಷಣೆಯಾಗಿ, ಬ್ಯಾಂಕಿನ 100 ಷೇರುಗಳಿಗೆ ಆ ಸಂಸ್ಥೆಯ 14 ಎಂಬ ಅನುಪಾತವೂ ನಿಗದಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬ್ಯಾಂಕನ್ನು ತ್ವರಿತ ಸುಧಾರಣಾ ಕ್ರಮದಡಿ, ಅಂದರೆ ದುರ್ಬಲ ಬ್ಯಾಂಕುಗಳ ಮೇಲೆ ಹೇರುವ ನಿರ್ಬಂಧಗಳಡಿ, ಇರಿಸಿತು. ಅಕ್ಟೋಬರ್‌ನಲ್ಲಿ ವಿಲೀನಕ್ಕೆ ಅನುಮತಿ ನಿರಾಕರಿಸಿತು. ಮರುವರ್ಷ ನವೆಂಬರ್ 27ರಂದು ಅದು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ವಿಲೀನವಾಯಿತು, ನಿಜ. ಆದರೆ ಷೇರು ಬಂಡವಾಳವನ್ನು ಪೂರ್ತಿಯಾಗಿ ಅಳಿಸಿಹಾಕಲಾಯಿತು. ಠೇವಣಿದಾರರ ಹಣ ಉಳಿಯಿತು, ಷೇರುದಾರರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ವಿಲೀನವಾಗುತ್ತದೆ ಎಂದು ಊಹಿಸಿ ಕೊಂಡವರ ಊಹೆ ಸರಿಯಾಗಿದ್ದೂ ಹಣ ಮುಳುಗಿತೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಮಂಗಳೂರಿನಲ್ಲಿ 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕಿಗೆ ಪ್ರವರ್ತಕರಿಲ್ಲ, ಅಂದರೆ ಅದರ ಮೇಲೆ ಹಿಡಿತವಿರುವ ಮೂಲ ಒಡೆಯರಿಲ್ಲ. ಆದ್ದರಿಂದ ಇಂಥ ಬ್ಯಾಂಕು ಸುಲಭವಾಗಿ ಬೇರೆಯವರ ಕೈಗೆ ಹೋಗಬಹುದೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ, ಯಾವುದೇ ಖಾಸಗಿ ಬ್ಯಾಂಕಿನಲ್ಲಿ ಶೇ 5ರಷ್ಟು ಅಥವಾ ಅದಕ್ಕಿಂತ ಹೆಚ್ಚು ಪಾಲು ಪಡೆಯಲು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. ಎಷ್ಟೇ ಪಾಲಿದ್ದರೂ ಮತದ ಹಕ್ಕು ಶೇ 26ಕ್ಕೆ ಸೀಮಿತ. ಪಾಲು ಕೈಬದಲಾದರೂ ವಿಲೀನ ಆಗಲೇಬೇಕೆಂದಿಲ್ಲ: ತ್ರಿಶ್ಶೂರಿನ ಕ್ಯಾಥೋಲಿಕ್ ಸಿರಿಯನ್ ಬ್ಯಾಂಕಿನಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಶೇ 51ರಷ್ಟು ಪಾಲು ಪಡೆದ ಮೇಲೂ ಅದು ಸ್ವತಂತ್ರ ಬ್ಯಾಂಕಾಗಿಯೇ ಮುಂದುವರಿಯಿತು.

ಆದ್ದರಿಂದ, ವಿಲೀನವೇ ಆಗದಿದ್ದರೂ ಹತ್ತು ವರ್ಷ ಇಟ್ಟುಕೊಳ್ಳಬಹುದಾದ ಬ್ಯಾಂಕೇ ಎಂದು ನೋಡಿ. ಕನಿಷ್ಠ ಮೂರು ವರ್ಷಗಳ ವಾರ್ಷಿಕ ವರದಿಗಳಲ್ಲಿ ನಿವ್ವಳ ಎನ್‌ಪಿಎ (ನಷ್ಟಕ್ಕೆಂದು ತೆಗೆದಿರಿಸಿದ ಹಣ ಕಳೆದು ಉಳಿಯುವ ವಸೂಲಾಗದ ಸಾಲ) ಇಳಿಯುತ್ತಿದೆಯೇ, ಬಂಡವಾಳ ಸಮರ್ಪಕತೆ ಅನುಪಾತ (ಕೊಟ್ಟ ಸಾಲಗಳ ಅಪಾಯಕ್ಕೆ ಹೋಲಿಸಿದರೆ ಬ್ಯಾಂಕಿನ ಬಂಡವಾಳ ಎಷ್ಟೆಂಬ ಲೆಕ್ಕ) ಸಾಕಷ್ಟಿದೆಯೇ, ಉಳಿತಾಯ ಮತ್ತು ಚಾಲ್ತಿ ಖಾತೆಗಳ ಠೇವಣಿ ಬೆಳೆಯುತ್ತಿದೆಯೇ ಎಂದು ಪರಿಶೀಲಿಸಿ. ಪುಸ್ತಕ ಮೌಲ್ಯಕ್ಕಿಂತ (ಲೆಕ್ಕಪತ್ರದ ಪ್ರಕಾರ ಆಸ್ತಿಯಿಂದ ಸಾಲ ಕಳೆದರೆ ಪ್ರತಿ ಷೇರಿಗೆ ಬರುವ ಮೌಲ್ಯ) ಕಡಿಮೆ ಬೆಲೆಗೆ ಷೇರು ಸಿಗುತ್ತಿದೆ ಎಂಬುದು ತಾನಾಗಿ ಆಕರ್ಷಣೆಯಲ್ಲ. ವಸೂಲಾಗದ ಸಾಲ ಇನ್ನೂ ಬಯಲಾಗಬೇಕಿದೆ ಎಂಬ ಮಾರುಕಟ್ಟೆಯ ಅನುಮಾನವೂ ಅದರ ಹಿಂದಿರಬಹುದು. ಇವೆಲ್ಲ ತೃಪ್ತಿಕರವೆನಿಸಿದರೂ, ನಿಮ್ಮ ವಯಸ್ಸಿನಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಬೇಡವೆನ್ನುತ್ತೇನೆ, ಅದೂ ಕಂತುಗಳಲ್ಲಿ. ಉಳಿದದ್ದು ಠೇವಣಿಯಲ್ಲಿರಲಿ; ಪ್ರತಿ ಬ್ಯಾಂಕಿನಲ್ಲಿ ಬಡ್ಡಿ ಸೇರಿ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ.

ಕೊನೆಯದಾಗಿ, 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನು ಎರಡು ರೂಪಾಯಿಯ ಐದಾಗಿ ವಿಭಜಿಸಿತು. ನೀವು ಮಾರದೆ ಉಳಿಸಿಕೊಂಡಿದ್ದರೆ ಆ 158 ಷೇರುಗಳು ಈಗ 790 ಆಗಿರಬೇಕು. ಡಿಮ್ಯಾಟ್ ಖಾತೆಯಲ್ಲಿ ಒಮ್ಮೆ ನೋಡಿಕೊಳ್ಳಿ.