ಸಂಬಳದೊಂದಿಗೆ ತರಬೇತಿ: ಅಡ್ಡಿ ಎಲ್ಲಿದೆ?

ಸಂಬಳ ಬಿಟ್ಟು ಓದಲಾಗದವರಿಗೆ ದುಡಿಯುತ್ತಲೇ ಪ್ರಯೋಗಾಲಯ ತಂತ್ರಜ್ಞರಾಗುವ ಅವಕಾಶವನ್ನು ಆಸ್ಪತ್ರೆಗಳು ಏಕೆ ಹೆಚ್ಚಿಸುತ್ತಿಲ್ಲ ಎಂದು ಕೇಳಿದ್ದೀರಿ. ಹಣದ ಕೊರತೆಗಿಂತ ಕಲಿಸುವವರ ಬಿಡುವಿನ ಕೊರತೆಯೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ರಕ್ತ ತೆಗೆಯುವುದನ್ನೇ ನೋಡಿ: ತೋಳಿಗೆ ಬಿಗಿದ ಪಟ್ಟಿಯನ್ನು ಒಂದು ನಿಮಿಷದೊಳಗೆ ಸಡಿಲಿಸಬೇಕು, ಕೊಳವೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು, ಜೋರಾಗಿ ಕುಲುಕಿದರೆ ಕೆಂಪು ರಕ್ತಕಣಗಳು ಒಡೆದು, ಪೊಟ್ಯಾಸಿಯಂ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಪಕ್ಕದಲ್ಲಿ ನಿಂತು ತಿದ್ದುವ ಅನುಭವಿಯೊಬ್ಬರಿಲ್ಲದೆ ಇಂಥದ್ದು ಕೈಗೆ ಹತ್ತುವುದಿಲ್ಲ, ಆದರೆ ಕಲಿಸುತ್ತಾರೆಂದು ಆ ಅನುಭವಿಯ ಪಾಳಿಯ ಕೆಲಸವನ್ನು ಯಾರೂ ಕಡಿಮೆ ಮಾಡಿರುವುದಿಲ್ಲ. ಆದ್ದರಿಂದ ತರಬೇತಿಯನ್ನು ವಿಸ್ತರಿಸುವವರು ಕಲಿಯುವವರ ವೇತನದ ಜೊತೆಗೆ ಕಲಿಸುವವರ ಸಮಯಕ್ಕೂ ಹಣ ತೆಗೆದಿಡಬೇಕು. ನೀವು ಸೇರುವ ಮುನ್ನ, ಕೊನೆಗೆ ಸಿಗುವ ಪ್ರಮಾಣಪತ್ರವನ್ನು ಬೇರೆ ಆಸ್ಪತ್ರೆಗಳೂ ಒಪ್ಪುತ್ತವೆಯೇ ಎಂಬುದನ್ನು ದಯವಿಟ್ಟು ಲಿಖಿತವಾಗಿ ಕೇಳಿ ಪಡೆಯಿರಿ.