ಬಾಟಲಿಯಲ್ಲಿ ಭತ್ತದ ತಳಿ

ಪ್ರಶ್ನೆ: ನಾವು ಮಂಡ್ಯ ಕಡೆಯವರು. ಜಿ-9 ಟಿಶ್ಯೂ ಕಲ್ಚರ್ ಬಾಳೆ ಹಾಕಿದ್ದೇವೆ. ಭತ್ತದ ಹೊಸ ತಳಿಯನ್ನೂ ಹೀಗೇ ಲ್ಯಾಬಿನಲ್ಲಿ ಬೇಗ ಮಾಡಬಹುದಂತೆ, ಹೌದಾ? ಹಾಗಿದ್ದರೆ ತಳಿ ಬರೋಕೆ ಇನ್ನೂ ಯಾಕೆ ಇಷ್ಟು ವರ್ಷ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ನಿಮ್ಮ ಬಾಳೆ ಬರೀ ನಕಲು. ಒಳ್ಳೆ ಗಿಡದ ಕಂದಿನ ಕುಡಿ ತೆಗೆದು ಬಾಟಲಿಯಲ್ಲಿ ಸಾವಿರಗಟ್ಟಲೆ ಮಾಡುತ್ತಾರೆ, ತಳಿ ಮಾತ್ರ ಅದೇ ಹಳೆಯದು.

ಭತ್ತದ್ದು ಬೇರೆ ತಲೆನೋವು. ಎರಡು ತಳಿ ಕ್ರಾಸ್ ಮಾಡಿ, ಬಂದ ಗಿಡದ ಬೀಜ ಬಿತ್ತಿ ನೋಡಿ: ಒಂದು ಎತ್ತರ, ಒಂದು ಗಿಡ್ಡ, ಒಂದು ಬೇಗ ತೆನೆ ಬಿಡುತ್ತದೆ, ಇನ್ನೊಂದು ತಡ. ಈ ಬೆರಕೆ ಪೀಳಿಗೆಯಿಂದ ಪೀಳಿಗೆಗೆ ಅರ್ಧರ್ಧ ಕಮ್ಮಿಯಾಗುತ್ತಾ ಹೋಗುತ್ತದೆ, ಹಾಗಾಗಿ ತಳಿ ಒಂದೇ ಥರ ನಿಲ್ಲೋಕೆ 6-8 ಪೀಳಿಗೆ ಬೇಕು. ವರ್ಷಕ್ಕೆ ಎರಡು ಬೆಳೆ ತೆಗೆದರೂ 3-4 ವರ್ಷ ಇದಕ್ಕೇ ಹೋಯ್ತು.

ಇದಕ್ಕೊಂದು ಒಳದಾರಿ ಸಿಕ್ಕಿದ್ದು ನಮ್ಮ ದೇಶದಲ್ಲೇ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ದತ್ತೂರಿ ಹೂವಿನ ಪರಾಗಕೋಶ (ಪರಾಗ ತುಂಬಿರುವ ಪುಟ್ಟ ಚೀಲ) ಲ್ಯಾಬಿನಲ್ಲಿ ಬೆಳೆಸುತ್ತಿದ್ದಾಗ, ಪರಾಗದಿಂದಲೇ ಪುಟ್ಟ ಸಸಿ ಬಂತು. ಅವರು ಹುಡುಕುತ್ತಿದ್ದುದು ಬೇರೇನೋ!

ಭತ್ತದಲ್ಲೂ ಅದನ್ನೇ ಮಾಡುತ್ತಾರೆ. ತೆನೆ ಇನ್ನೂ ಹೊಡೆಯೊಳಗೆ ಇರುವಾಗಲೇ ಕೊಯ್ದು, ಒಂದೊಂದು ಹೂವಿನ 6 ಪರಾಗಕೋಶ ಬಿಡಿಸಿ, ಸಕ್ಕರೆ, ಲವಣ, ಹಾರ್ಮೋನ್ ಬೆರೆಸಿದ ಅಗಾರ್ ಅನ್ನೋ ಜೆಲ್ಲಿ ಮೇಲೆ ಇಡುತ್ತಾರೆ. ಮೊದಲು ಮುದ್ದೆ ಥರ ಗಂಟು, ಆಮೇಲೆ ಚಿಗುರು. ಭತ್ತಕ್ಕೆ 24 ಕ್ರೋಮೋಸೋಮ್ (ಗಿಡದ ಗುಣಗಳನ್ನು ಹೊತ್ತ ಎಳೆ), ಪರಾಗದಲ್ಲಿ 12 ಅಷ್ಟೇ. 12ರ ಗಿಡ ಸಣ್ಣದು, ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು. ಕೆಲವು ತಾವಾಗೇ ದುಪ್ಪಟ್ಟಾಗುತ್ತವೆ, ಉಳಿದದ್ದಕ್ಕೆ ಕೋಲ್ಚಿಸಿನ್ ಅನ್ನೋ ಔಷಧಿ. ಅದೇ 12ರ ಇನ್ನೊಂದು ಪ್ರತಿ ಸೇರಿ 24 ಆದದ್ದರಿಂದ ಬೆರಕೆ ಅನ್ನೋದೇ ಉಳಿಯುವುದಿಲ್ಲ. ಆರೆಂಟು ಪೀಳಿಗೆಯ ಕೆಲಸ ಒಂದೇ ಏಟಿಗೆ!

ಆದರೆ ನಾವು ಬೆಳೆಯುವ ಇಂಡಿಕಾ ಭತ್ತ ಇದರಲ್ಲಿ ಮಹಾ ಹಟಮಾರಿ. ಜಪಾನ್ ಕಡೆಯ ಜಪೋನಿಕಾ ಭತ್ತದ ಥರ ಸುಲಭವಾಗಿ ಚಿಗುರುವುದಿಲ್ಲ, ಚಿಗುರಿದರೂ ಎಷ್ಟೋ ಸಸಿ ಹಸಿರೇ ಇಲ್ಲದೆ ಬೆಳ್ಳಗೆ ಹುಟ್ಟಿ ಸಾಯುತ್ತವೆ.

ಇನ್ನು ಬೆಂಕಿರೋಗ ತಡೆಯುತ್ತಾ, ಇಳುವರಿ ಜಾಸ್ತಿಯಾ, ಅನ್ನ ಚೆನ್ನಾಗಿ ಆಗುತ್ತಾ ಅಂತ ಬಾಟಲಿ ಹೇಳುವುದಿಲ್ಲ ಅಲ್ವಾ? ಅದನ್ನು ಗದ್ದೆಯಲ್ಲೇ, ಬೇರೆ ಬೇರೆ ಊರಲ್ಲಿ, ಹಲವು ಹಂಗಾಮು ಬೆಳೆದು ನೋಡಬೇಕು. ಆ ವರ್ಷಗಳನ್ನು ಯಾವ ಲ್ಯಾಬೂ ಕಮ್ಮಿ ಮಾಡಿಲ್ಲ.