ಹರಕಿ ಹೊತ್ರೂ ಕನಸು ಈಡೇರ್ಲಿಲ್ಲ, ಇನ್ನ ದೇವರನ್ನ ಹೆಂಗ ನಂಬೋದು?

ನೀವು ಕೇಳಿದ್ದು, ಇಷ್ಟು ವರ್ಷ ಹರಕಿ ಹೊತ್ತೆ, ಉಪವಾಸ ಮಾಡಿದೆ, ಕೆಎಎಸ್ ಆಗ್ಲಿಲ್ಲ, ವಯಸ್ಸೂ ಮುಗೀತು, ಇನ್ನ ದೇವರನ್ನ ಯಾಕ ನಂಬಬೇಕು ಅಂತ. ಮೊದ್ಲ ಒಂದು ಮಾತು. "ದೇವರು ನಿಮಗ ಇದಕ್ಕಿಂತ ಚಲೋದು ಏನೋ ಇಟ್ಟಿರ್ತಾನ" ಅಂತ ಎಲ್ಲಾರೂ ಹೇಳ್ತಾರಲ್ಲ, ಅದನ್ನ ನಾ ಹೇಳಂಗಿಲ್ರಿ. ಇಟ್ಟಿರಬಹುದು, ಇಡದೇನೂ ಇರಬಹುದು. ಆ ಮಾತಿನ ಮ್ಯಾಲೆ ನಂಬಿಕಿ ಕಟ್ಟಿದ್ರ, ನಾಳೆ ಅದೂ ಸಿಗಲಿಲ್ಲಂದ್ರ ಏನ್ ಮಾಡ್ತೀರಿ?

ನಾನು ಬಾಗಲಕೋಟಿ ನವನಗರದಾಂವ. ನಮ್ಮ ಕಡೆ, ವಿಜಯಪುರ ಕಡೆ ಸೈಕ್ಲಿಂಗ್ ಹುಚ್ಚು ಭಾಳ, ಹಳ್ಳಿ ಹುಡುಗರು ನ್ಯಾಷನಲ್ಸ್‌ಗೆ ಹೋಗಿ ಮೆಡಲ್ ತರ್ತಾರ, ನಂಗೂ ಅದ ಹುಚ್ಚು ಹತ್ತಿತ್ತು, ಬೆಳಕ ಹರಿಯೂಕಿಂತ ಮೊದ್ಲ ಗದ್ದನಕೇರಿ ಕ್ರಾಸ್ ಕಡೆ ರೋಡಿಗೆ ಇಳೀತಿದ್ದೆ, ಇಂಡಿಯಾ ಜರ್ಸಿ ಹಾಕ್ಕೋಬೇಕು, ಸ್ಪೋರ್ಟ್ಸ್ ಕೋಟಾದಾಗ ರೈಲ್ವೆ ನೌಕರಿ ಹಿಡೀಬೇಕು, ಅಪ್ಪಗ ಕೂಲಿ ಬಿಡಿಸ್ಬೇಕು ಅಂತ. ಒಂದು ರೇಸ್‌ನಾಗ ಗುಂಪಿನ್ಯಾಗ ಬಿದ್ದೆ, ಮೊಣಕಾಲಿನ ಲಿಗಮೆಂಟ್ ಹರೀತು. ಆಪರೇಷನ್ ಆತು, ನಡ್ಯಾಕ ಬರ್ತೈತಿ, ರೇಸ್ ಹೊಡ್ಯಾಕ ಬರಂಗಿಲ್ಲ. ಈಗ ಮೆಡಿಕಲ್ ಶಾಪಿನ್ಯಾಗ ಕೆಲಸ ಮಾಡ್ತೀನಿ. ನಮ್ಮ ಕಡೆ ಹುಡುಗ ಯಾವನರ ಗೆದ್ದ ಅಂತ ಪೇಪರ್‌ನಾಗ ಫೋಟೋ ಬಂದ್ರ ಖುಷಿನೂ ಆಗ್ತೈತಿ, ಹೊಟ್ಯಾಗ ಸಂಕಟನೂ ಆಗ್ತೈತಿ, ಇವತ್ತಿಗೂ.

ನಮ್ಮವ್ವ ಆಗ ಸವದತ್ತಿ ಎಲ್ಲಮ್ಮಗ ಹರಕಿ ಹೊತ್ತಿದ್ಲು, ಮಗನ ಕಾಲು ಮೊದಲಿನಂಗ ಆದ್ರ ಗುಡ್ಡಕ್ಕ ಬಂದು ಪಡ್ಡಲಗಿ, ಅಂದ್ರ ನೈವೇದ್ಯದ ಬುಟ್ಟಿ, ತುಂಬಸ್ತೀನಿ ಅಂತ. ಕಾಲು ಆಗ್ಲಿಲ್ಲ. ಆದ್ರೂ ಬನದ ಹುಣ್ಣಿವಿಗೆ ಹೊಂಟ ನಿಂತ್ಲು. ಆಕಿ ಕೊಟ್ಟೇ ಇಲ್ಲ, ನೀ ಯಾಕ ಹೊಂಟಿ ಅಂತ ಸಿಟ್ಟಿಲೆ ಕೇಳಿದೆ. ಬುತ್ತಿ ಕಟ್ಟಿಕೋತ ಅಂದ್ಲು, "ಕೊಟ್ರಷ್ಟ ತಾಯಿ, ಕೊಡದಿದ್ರ ಯಾರೋ ಅನ್ನಾಕಾಗ್ತೈತೇನೋ?" ನಂಗ ಬಾಯಿ ಬರ್ಲಿಲ್ಲ. ಓದು ಬರಹ ಇಲ್ಲದಾಕಿ, ನಾ ಕೇಳಿದ ಯಾವ ಪ್ರವಚನದಾಗೂ ಇಷ್ಟು ನೇರ ಮಾತು ಸಿಕ್ಕಿರ್ಲಿಲ್ಲ. ಹರಕಿಯೊಳಗ ಕೊಡೋದು ತಗೊಳ್ಳೋದು ಇರ್ತೈತಿ ಕರೆ, ಆ ವ್ಯವಹಾರ ಮುರದ ಮ್ಯಾಲೂ ಆಕಿ ಸಂಬಂಧ ಮುರೀಲಿಲ್ಲ. ನಂಬಿಕಿ ಅಂತ ನಾ ಈಗ ಹಿಡಕೊಂಡಿದ್ದು ಇದನ್ನ.

ಬಸವಣ್ಣನವರನ್ನೂ ನೋಡ್ರಿ. ಹುಟ್ಟಿದ್ದು ಬಾಗೇವಾಡಿ, ಓದಿ ಬೆಳದದ್ದು ನಮ್ಮ ಕೂಡಲಸಂಗಮದಾಗ, ಆಮ್ಯಾಲೆ ಕಲ್ಯಾಣಕ್ಕ ಹೋಗಿ ಬಿಜ್ಜಳನ ಹತ್ರ ಭಂಡಾರಿ ಆಗಿ, ಮೇಲು ಕೀಳು ಇಲ್ಲದ ಸಮಾಜ ಕಟ್ಟಾಕ ನಿಂತ್ರು. ಸಮಗಾರ ಹರಳಯ್ಯನ ಮಗಗ ಬ್ರಾಹ್ಮಣ ಮಧುವರಸನ ಮಗಳನ್ನ ಕೊಟ್ಟು ಮದುವಿ ಆತು, ಅದಕ್ಕ ಹೆತ್ತವರಿಬ್ಬರಿಗೂ ಮರಣದಂಡನೆ ಕೊಟ್ರು, ಆ ಗದ್ದಲದಾಗ ಬಿಜ್ಜಳನ ಕೊಲಿನೂ ಆತು, ಶರಣರು ದಿಕ್ಕಾಪಾಲಾಗಿ ಉಳವಿ ಕಡೆ ಹೋದ್ರು. 1167ರ ಸುಮಾರಿನ ಮಾತು. ನಮ್ಮ ಕನಸು ನಮ್ಮದು, ನಮ್ಮ ಮನಿದು. ಅವರದು ಎಷ್ಟು ಸಾವಿರ ಮಂದಿ ಬದುಕಿನ ಕನಸು, ರಕ್ತ ಹರದು ಮುರೀತು. ಆವಾಗ ಅವರು ತಿರುಗಿ ಬಂದದ್ದು ಎಲ್ಲಿಗೆ? ಇದ ಸಂಗಮಕ್ಕ, ಯಾವ ದೇವರ ಹೆಸರು ಹಿಡಿದು ವಚನ ಬರದ್ರೋ ಅವನ ಹತ್ರಕ್ಕ. ಕಲ್ಯಾಣ ಉಳಿಸ್ಲಿಲ್ಲ ಅಂತ ಆ ಹೆಸರು ಬಿಡ್ಲಿಲ್ಲ. ನಾರಾಯಣಪುರ ಡ್ಯಾಮಿನ ಹಿನ್ನೀರಿಗೆ ಮುಳುಗಬಾರದು ಅಂತ ಬಸವಣ್ಣನವರು ಐಕ್ಯರಾದ ಜಾಗದ ಐಕ್ಯಮಂಟಪದ ಸುತ್ತ ಬಾವಿಯಂಗ ಕಾಂಕ್ರೀಟ್ ಗೋಡಿ ಕಟ್ಯಾರ, ಮೆಟ್ಟಲಾ ಇಳದು ಹೋದ್ರ ಗೋಡಿ ಆಚೆ ಕೃಷ್ಣಾ ಮಲಪ್ರಭಾ ನೀರು, ಅಲ್ಲಿ ಕೂತಾಗೆಲ್ಲಾ ನಂಗ ಕಲ್ಯಾಣದಿಂದ ತಿರುಗಿ ಬರೋ ಆ ದಾರಿನ ನೆನಪಾಗ್ತೈತಿ.

ಅದಕ್ಕ ನೀವು ಈಗ ಹೊಸಾ ಹರಕಿ ಹೊರಬ್ಯಾಡ್ರಿ. ಸಿಟ್ಟು ಇದ್ರ ಇರ್ಲಿ. ವಚನದಾಗೂ ಬರೀ ಹೊಗಳಿಕಿ ಇಲ್ಲ, ಬೇಡೋದು ಐತಿ, ಮುನಿಸು ಐತಿ. ದೇವರ ಮನ್ಯಾಗ ಕೂತು "ಯಾಕ ಹಿಂಗ ಮಾಡಿದಿ" ಅಂತ ಬಾಯಿಬಿಟ್ಟು ಕೇಳ್ರಿ, ಅಳು ಬಂದ್ರ ಅಳ್ರಿ, ಅದೂ ಪೂಜಿನ ಅಂತ ನಾ ನಂಬೀನಿ. ಉತ್ತರ ಬರ್ತೈತಿ ಅಂತ ನಾ ಮಾತು ಕೊಡಂಗಿಲ್ಲ, ನಂಗಿನ್ನೂ ಬಂದಿಲ್ಲ. ಆದ್ರ ಕೇಳೋದು ಬಿಟ್ಟಿಲ್ಲ.

ಮತ್ತ ನಿಮ್ಮ ಪ್ರಶ್ನೆದಾಗ ಕಡೀಕ "ಬದುಕೇ ಸಾಕಾಗೇತಿ" ಅಂತ ಒಂದು ಸಾಲು ಐತಲ್ಲ, ಅದು ಓದಿ ಎದಿ ಧಸಕ್ ಅಂತು. ಅದನ್ನ ದೇವರಿಗಷ್ಟ ಹೇಳಿ ಕೂಡ್ರಬ್ಯಾಡ್ರಿ, ಮನ್ಯಾಗ ಒಬ್ಬರಿಗರ ಹೇಳ್ರಿ. 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ರೊಕ್ಕ ಇಲ್ಲ, ರಾತ್ರಿನೂ ಎತ್ತತಾರ, ಕನ್ನಡದಾಗ ಮಾತಾಡಬಹುದು. ಇದು ಓದಿದ ಕೂಡ್ಲೇ ಹಚ್ರಿ.